ಹೊಸ ಫೋನಿನ ಮುಂದೆ ಮಗ್ಗದ ಮಾತು

ಆ ಶುಕ್ರವಾರ ಮಾಡಿದ ಕೆಲಸಗಳು ಇಷ್ಟು. ನಾಲ್ಕೂವರೆಗೆ ಎದ್ದು ಬಾಗಿಲು ಗುಡಿಸಿ, ನೀರು ಹೊಡೆದು, ಎರಡೆಳೆ ರಂಗೋಲಿ ಹಾಕಿದೆ. ನಳ ಬಂದಿತ್ತು, ಆರು ಕೊಡ, ಒಂದು ಬ್ಯಾರಲ್ಲು ತುಂಬಿದೆ. ಎಂಟು ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ, ಎರಡು ಉಳ್ಳಾಗಡ್ಡಿ ಸೇರಿಸಿ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದೆ. ನಮ್ಮ ಮನೆಯವರ ಅಂಗಿಗೆ ಇಸ್ತ್ರಿ ಮಾಡಿದೆ, ಕಾಲರಿನ ಒಳಮಗ್ಗುಲಿಗೂ ಮಾಡಿದೆ. ಆಧಾರ್ ಕಾರ್ಡು ಹುಡುಕಿದೆ. ಅದು ಅಕ್ಕಿ ಡಬ್ಬಿಯ ಕೆಳಗಿತ್ತು. ಬೀಗದ ಕೈಯನ್ನು ಮಗ್ಗುಲ ಮನೆಯಲ್ಲಿ ಕೊಟ್ಟು, ಹಾಲು ಬಂದರೆ ತೆಗೆದುಕೊಂಡಿಡಲು ಹೇಳಿದೆ. ಜಮಖಂಡಿಗೆ ಹೋಗಿ ಸಾಲಿನಲ್ಲಿ ನಿಂತೆ. ತಿರುಗಿ ಬಂದ ಮೇಲೆ ಒಣಗಿದ ಬಟ್ಟೆ ಮಡಚಿದೆ, ತುಳಸಿಗೆ ನೀರು ಹಾಕಿದೆ, ನುಚ್ಚು ಬೇಯಿಸಿದೆ.

ಇವುಗಳಲ್ಲಿ ಸಾಲಿನಲ್ಲಿ ನಿಂತದ್ದೊಂದು ಮಾತ್ರ ದಿನದ ಕೆಲಸವಲ್ಲ. ರೇಷನ್ನಿಗೆ ನಿಂತದ್ದುಂಟು, ಗ್ಯಾಸಿಗೆ ನಿಂತದ್ದುಂಟು, ನಳದ ಮುಂದೆ ಕೊಡ ಇಟ್ಟು ಕೂತದ್ದಕ್ಕೆ ಲೆಕ್ಕವಿಲ್ಲ. ಫೋನಿಗಾಗಿ ನಿಂತದ್ದು ಅದೇ ಮೊದಲು. ಹೊಸ ನಮೂನೆಯ ಫೋನು, ಆ ದಿನವೇ ಅದರ ಮೊದಲ ಮಾರಾಟ, ಜಮಖಂಡಿಯ ಅಂಗಡಿಗೆ ಬಂದಿದ್ದು ಹದಿನೆಂಟೇ ಫೋನು. ಮುಂದಿನವು ಯಾವಾಗ ಬರುತ್ತವೆಂದು ಅಂಗಡಿಯವರಿಗೇ ಗೊತ್ತಿರಲಿಲ್ಲ. ನಮಗೋ, ಸೋಮವಾರದೊಳಗೆ ಬೇಕಿತ್ತು.

ಯಾಕೆ ಬೇಕಿತ್ತು ಎಂಬುದನ್ನು ಮೊದಲು ಹೇಳಬೇಕು.

ನಮ್ಮ ಮನೆಯವರು ಬನಹಟ್ಟಿಯ ಒಂದೇ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಪಾವರಲೂಮ್ ನಡೆಸಿದವರು. ಎಂಟು ಮಗ್ಗ ಒಮ್ಮೆಲೇ ಹೊಡೆಯುವ ಆ ಜಾಗದಲ್ಲಿ ದನಿ ಎತ್ತಿ ಮಾತಾಡುವುದು ಗಂಟಲಿಗೆ ನಷ್ಟ, ಮತ್ತೇನೂ ಅಲ್ಲ. ಹಾಗಾಗಿ ಶೆಡ್ಡಿನವರು ದನಿಯನ್ನೇ ಬಿಟ್ಟುಬಿಡುತ್ತಾರೆ. ತುಟಿಯನ್ನು ಅಗಲಿಸಿ ನಿಧಾನವಾಗಿ ಆಡಿಸುತ್ತಾರೆ, ಉಳಿದದ್ದು ಕೈ. ಎರಡು ಬೆರಳು ಉಜ್ಜಿ ಬಿಟ್ಟರೆ ಎಳೆ ಹರಿಯಿತು. ಕಾಲರ್ ಎತ್ತಿದರೆ ಮಾಲಕ ಬಂದ. ಹೆಬ್ಬೆರಳು ತುಟಿಗೆ ತಂದರೆ ಚಹಾ. ತೋಳು ನೆಟ್ಟಗೆ ಮೇಲೆತ್ತಿ ಅಂಗೈ ಬಿಚ್ಚಿದರೆ ಮಗ್ಗ ನಿಲ್ಲಿಸು, ಯಾರದೋ ಕೈ ಸಿಕ್ಕಿದೆ ಎಂದರ್ಥ. ಅದಕ್ಕೆ ಯಾರೂ ಯಾಕೆ ಎಂದು ಕೇಳುವುದಿಲ್ಲ, ಮೊದಲು ನಿಲ್ಲಿಸುತ್ತಾರೆ. ನಾನೂ ಅದೇ ಶೆಡ್ಡಿನ ಮುಂದಿನ ಕೋಣೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿದವಳು. ಮದುವೆಯಾಗಿ ಬಂದ ಮೊದಲ ವರ್ಷವೇ ಈ ಮಾತು ಕಲಿತೆ. ಅತ್ತೆಯ ಎದುರಿಗೆ ಗಂಡನ ಜೊತೆ ಜಗಳ ಮಾಡಲು ಇದರಷ್ಟು ಛಲೋ ಮಾತು ಬೇರೆ ಇಲ್ಲ.

ಇವರ ಕಿವಿ ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಹಕ್ಕಿ ಹೋಯಿತು, ಆಮೇಲೆ ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಬಾಗಿಲು ಬಡಿದದ್ದು. ಕಿವಿಗೆ ಹಾಕುವ ಯಂತ್ರ ತಂದೆವು. ಅದು ಬೇಕಾದದ್ದನ್ನೂ ಬೇಡವಾದದ್ದನ್ನೂ ಒಟ್ಟಿಗೆ ದೊಡ್ಡದು ಮಾಡುತ್ತಿತ್ತು. "ತಲಿಯೊಳಗ ಮತ್ತ ಶೆಡ್ಡ ಚಾಲೂ ಆಗೇತಿ" ಎಂದು ತೆಗೆದಿಟ್ಟರು. ಈಗಲೂ ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲಿನ ಪಕ್ಕದಲ್ಲೇ ಇದೆ, ದೇವರಿಗೆ ಕೇಳಲೆಂಬಂತೆ.

ಕಳೆದ ದೀಪಾವಳಿಯ ಮುಂದೆ ಶೆಡ್ಡಿನ ಮಾಲಕರು ಹಳೆಯ ಮಗ್ಗಗಳನ್ನು ಮಾರಿಬಿಟ್ಟರು. ಐವತ್ತಾರನೆಯ ವಯಸ್ಸಿಗೆ ಇವರು ಮನೆಯಲ್ಲಿ ಕೂತರು. ಕೂತರೆಂದರೆ ಕೂರಲಿಲ್ಲ, ನನ್ನ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಹೊಂದಿಸಿಟ್ಟರು, ಜೀರಿಗೆ ಎಲ್ಲಿದೆ ಎಂದು ಹುಡುಕಲು ನನಗೆ ವಾರ ಹಿಡಿಯಿತು. ಆಗ ನೇಕಾರರ ಸಂಘದ ಹಿರಿಯರೊಬ್ಬರು ಮನೆಗೆ ಬಂದರು. ಸಂಘಕ್ಕೆ ಒಂದು ಸೀರೆ ಅಂಗಡಿಯಿದೆ, ಅಲ್ಲಿ ದುಡ್ಡಿನ ಗಲ್ಲೆಯ ಪಕ್ಕ ಸೀರೆ ತೋರಿಸಲು ಒಬ್ಬರು ಬೇಕಾಗಿತ್ತು.

"ಇವರಷ್ಟ ಸೀರಿ ಗೊತ್ತಿದ್ದವ್ರು ನಮ್ಮಲ್ಲಿ ಯಾರ ಅದಾರ್ರೀ?" ಎಂದು ನನಗೆ ಹೇಳಿದರು. "ಆದ್ರ ಗಿರಾಕಿ ಕೆಂಪಂದ್ರ ಇವರು ಹಸರ ತಗದ್ರ ಹೆಂಗ? ಸೋಮವಾರ ಬರಲಿ. ಎಂಟ ದಿನ ನೋಡೂಣು. ಹೊಂದಿದ್ರ ಖಾಯಂ, ಇಲ್ಲಂದ್ರ ಬ್ಯಾಸರ ಮಾಡ್ಕೋಬಾರದು."

ಇವರು ಹಿರಿಯರ ತುಟಿ ನೋಡಿಯೇ ಎಲ್ಲ ತಿಳಿದುಕೊಂಡಿದ್ದರು. ತೊಂದರೆ ಏನೆಂದರೆ, ಹಿರಿಯರು ಎದುರಿಗೆ ಕೂತು ಮಾತಾಡಿದರು. ಸೀರೆ ಕೊಳ್ಳಲು ಬಂದವರು ಅಂಗಡಿಯವನ ಮುಖ ನೋಡಿ ಮಾತಾಡುವುದಿಲ್ಲ. ತಲೆ ಬಗ್ಗಿಸಿ, ಸೆರಗು ಮುಟ್ಟುತ್ತ, ಸೀರೆಯ ಜೊತೆಗೇ ಮಾತಾಡುತ್ತಾರೆ. ತುಟಿ ಎಲ್ಲಿ ಕಾಣಬೇಕು?

ಮುಧೋಳದಲ್ಲಿ ನರ್ಸ್ ಆಗಿರುವ ನಮ್ಮ ಮಗಳು ಇದಕ್ಕೆ ದಾರಿ ಹುಡುಕಿದಳು. ಎದುರಿಗಿದ್ದವರು ಆಡಿದ್ದನ್ನು ಫೋನು ಕನ್ನಡದಲ್ಲಿ ಬರೆದು ತೋರಿಸುತ್ತದೆ, ಗಲ್ಲೆಯ ಮೇಲೆ ಇಟ್ಟುಕೊಂಡರಾಯಿತು ಎಂದಳು. ನಮ್ಮ ಹಳೆಯ ಫೋನಿನಲ್ಲಿ ತಾನೇ ಮಾತಾಡಿ ತೋರಿಸಿದಳು. ಅದು ಒಂದು ಸಾಲು ಬರೆದು, ಕಾವಲಿಯಂತೆ ಬಿಸಿಯಾಗಿ, ಕಣ್ಣು ಮುಚ್ಚಿತು. ಹೊಸದಾಗಿ ಬರುವ ಫೋನು ನಿಲ್ಲದೆ ಬರೆಯುತ್ತದಂತೆ. ದುಡ್ಡು ಅವಳು ಕೊಟ್ಟಳು, ಬೇಡವೆಂದರೆ ಸಿಟ್ಟಾದಳು. ಡ್ಯೂಟಿ ಇದ್ದುದರಿಂದ ಬರಲು ಮಾತ್ರ ಆಗಲಿಲ್ಲ.

"ಯವ್ವಾ, ಅಂಗಡಿಯೊಳಗ ಅಪ್ಪನ ಕಡಿಂದ ಓದಿಸಿ ನೋಡು. ಬರೆ ಡಬ್ಬಿ ತಗೊಂಡ ಬರಬ್ಯಾಡ ಮತ್ತ" ಎಂದು ಮೂರು ಸಲ ಹೇಳಿದ್ದಳು.

ಬಸ್ಸು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿ ಹಾಕಿಕೊಂಡಿತು. ಒಂದು ದಾಟಿದರೆ ಮತ್ತೊಂದು, ಎರಡೆರಡು ಟ್ರಾಲಿ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಸಾಗಿದ್ದವು. ಇವರು ಕಿಟಕಿಯ ಪಕ್ಕ ಕೂತು ಸಾಗುವ ಕಬ್ಬು ನೋಡುತ್ತಿದ್ದರು. ನನಗೆ ಗಡಿಯಾರದ ಚಿಂತೆ. ಜಮಖಂಡಿಯಲ್ಲಿ ಇಳಿಯುವ ಗಡಿಬಿಡಿಯಲ್ಲಿ ಸೀಟಿನ ಮೇಲೆ ಸಾಮಾನು ಇಡುವ ಸಂದಿಯಲ್ಲಿಟ್ಟ ರೊಟ್ಟಿಯ ಗಂಟನ್ನು ಬಿಟ್ಟೇ ಬಂದೆ. ಗೊತ್ತಾಗಿದ್ದು ಅಂಗಡಿ ಮುಟ್ಟಿದ ಮೇಲೆ. ಇವರಿಗೆ ಹೇಳಲಿಲ್ಲ. ಎಂಟು ರೊಟ್ಟಿ ಹೋದ ಸುದ್ದಿಯನ್ನು ಹಸಿದ ಮನುಷ್ಯನಿಗೆ ಬೆಳಿಗ್ಗೆ ಏಳೂಕಾಲಿಗೆ ಯಾಕೆ ಹೇಳಬೇಕು?

ಅಂಗಡಿ ತೆರೆಯುವುದು ಹತ್ತಕ್ಕೆ. ಶಟರಿನ ಮುಂದೆ ಆಗಲೇ ಸಾಲಿತ್ತು, ಆದರೆ ಮನುಷ್ಯರು ಅರ್ಧವೇ ಇದ್ದರು. ಉಳಿದ ಜಾಗದಲ್ಲಿ ಒಂದು ಹೆಲ್ಮೆಟ್ಟು, ಎರಡು ಜೊತೆ ಚಪ್ಪಲಿ, ನೀರಿನ ಬಾಟಲಿ, ಗೋಡೆ ಕಟ್ಟುವ ಒಂದು ಇಟ್ಟಂಗಿ. ಚಹಾ ಕುಡಿಯಲು ಹೋದವರ ಜಾಗಗಳವು. ನಳದ ಸಾಲಿನಲ್ಲಿ ಕೊಡಕ್ಕೆ ಇರುವ ಮರ್ಯಾದೆಯೇ ಇಲ್ಲಿ ಹೆಲ್ಮೆಟ್ಟಿಗೂ ಇತ್ತು. ಯಾರೂ ಅದನ್ನು ದಾಟಿ ನಿಲ್ಲುವುದಿಲ್ಲ. ಎಣಿಸಿದೆ. ಇಟ್ಟಂಗಿಯನ್ನೂ ಹಿಡಿದು ಹದಿನಾಲ್ಕು. ನಾವು ಹದಿನೈದು. ಹದಿನೆಂಟರೊಳಗೆ ಬಂದೆವೆಂದು ಇವರಿಗೆ ಬೆರಳಲ್ಲಿ ತೋರಿಸಿದೆ. ಇವರು ಇಸ್ತ್ರಿ ಅಂಗಿಯ ಕೈ ಸರಿಮಾಡಿಕೊಂಡರು.

ನಮ್ಮ ಹಿಂದೆ ಬಂದು ನಿಂತವರು ಚಿಮ್ಮಡ ಊರಿನ ಒಬ್ಬ ಹೆಣ್ಣುಮಗಳು, ನನಗಿಂತ ನಾಲ್ಕೈದು ವರ್ಷ ಸಣ್ಣವರು, ಜರಿ ಅಂಚಿನ ಹೊಸ ಸೀರೆ ಉಟ್ಟಿದ್ದರು. ಉಸಿರು ತಿರುಗುವ ಮೊದಲೇ ಮಾತು ಸುರುಮಾಡಿದರು.

"ಮಗಗ ತಗೊಳ್ಳಾಕ ಬಂದೀರೇನ್ರೀ ಅಕ್ಕಾರ?"

"ಅಲ್ಲರೀ, ಇವರಿಗೆ."

"ಅಯ್ಯ ಶಿವನ! ಗಂಡಗ ಫೋನ ಕೊಡಸಾಕ ನಸಿಕಿನ್ಯಾಗ ಎದ್ದ ಬಂದ ಹೆಂಡ್ತಿನ್ನ ನಾ ಇವತ್ತ ನೋಡಿದೆ. ನಾ ಅಂತೂ ನನಗ ತಗೊಳ್ಳಾಕ ಬಂದೇನಿ. ನಮ್ಮಾಂವಗ ಹಳೇದು ಸಾಕು."

ಅವರ ಚೀಲದಲ್ಲಿ ಒಗ್ಗರಣೆ ಚುನಮರಿ ಇತ್ತು. ಒಂದು ಹಿಡಿ ನನಗೆ, ಎರಡು ಹಿಡಿ ಇವರಿಗೆ ಕೊಟ್ಟರು. ಇವರು ತಿಂದು, ನನ್ನ ಕಡೆ ತಿರುಗಿ ಅಂಗೈ ಮೇಲೆ ಅಂಗೈ ತಟ್ಟಿದರು: ರೊಟ್ಟಿ? ಆಮ್ಯಾಲ ಎಂದು ತುಟಿ ಆಡಿಸಿ ಬೇರೆ ಕಡೆ ನೋಡಿದೆ.

ಒಂಬತ್ತರ ಸುಮಾರಿಗೆ ಡಿಜೆ ಬಂತು. ಆಳೆತ್ತರದ ಎರಡು ಪೆಟ್ಟಿಗೆಗಳನ್ನು ಬಾಗಿಲ ಎರಡೂ ಕಡೆ ನಿಲ್ಲಿಸಿ, ನಡುವೆ ರಿಬ್ಬನ್ ಕಟ್ಟಿದರು. ಹಾಡು ಹಚ್ಚಿದೊಡನೆ ನನ್ನ ಎದೆಯೊಳಗೆ ಯಾರೋ ಗುದ್ದಿದಂತಾಯಿತು. ಚಿಮ್ಮಡದವರು ಮಾತಾಡುತ್ತಲೇ ಇದ್ದರು, ಅವರ ಬಾಯಿ ಮಾತ್ರ ಕಾಣುತ್ತಿತ್ತು. ಸಾಲಿನವರೆಲ್ಲ ಒಬ್ಬರ ಕಿವಿಗೊಬ್ಬರು ಬಾಯಿ ಹಚ್ಚಿ ಒದರತೊಡಗಿದರು. ಇವರು ನನ್ನನ್ನು ನೋಡಿ ನಕ್ಕರು. ಆಮೇಲೆ ನಾವಿಬ್ಬರೂ ಆರಾಮವಾಗಿ ಮಾತಿಗಿಳಿದೆವು. ಮಗಳಿಗೆ ಫೋನ್ ಮಾಡಿ ತಿಳಿಸಬೇಕು, ಆ ಹೆಲ್ಮೆಟ್ಟಿನವನು ಇನ್ನೂ ಬಂದಿಲ್ಲ ನೋಡು, ಮನೆಗೆ ಹೋಗುವಾಗ ಬಳ್ಳೊಳ್ಳಿ ತಗೊಳ್ಳೋಣ. ಆ ಗದ್ದಲದಲ್ಲಿ ಸರಿಯಾಗಿ ಮಾತಾಡಿಕೊಂಡವರು ನಾವಿಬ್ಬರೇ ಇರಬೇಕು. ಚಿಮ್ಮಡದವರು ಬಾಯಿ ತೆರೆದು ನಮ್ಮನ್ನು ನೋಡುತ್ತಿದ್ದರು.

ಹತ್ತಕ್ಕೆ ಐದು ನಿಮಿಷವಿದ್ದಾಗ ಅಂಗಡಿಯ ಒಬ್ಬರು ಮೆಟ್ಟಿಲ ಮೇಲೆ ನಿಂತು ಏನೋ ಹೇಳಿದರು. ಮೈಕು ಇತ್ತು, ಅದರ ದನಿ ಡಿಜೆಯ ಹೊಟ್ಟೆಗೆ ಹೋಯಿತು. ಯಾರಿಗೂ ತಿಳಿಯಲಿಲ್ಲ. ತಿಳಿಯದಿದ್ದಾಗ ಸಾಲು ಮಾಡುವ ಕೆಲಸ ಒಂದೇ, ಮುಂದೆ ನುಗ್ಗುವುದು. ಹಿಂದಿನಿಂದ ತಳ್ಳಾಟ ಸುರುವಾಯಿತು. ಇಪ್ಪತ್ತು, ಮೂವತ್ತನೆಯವರು ಪಕ್ಕದಿಂದ ಓಡಿ ಬಂದರು. ನನ್ನ ಕಾಲ ಮೇಲೆ ಯಾರೋ ಕಾಲಿಟ್ಟರು. ಹದಿನೈದು ಹೋಯಿತು, ಸೋಮವಾರ ಹೋಯಿತು ಎಂದುಕೊಂಡೆ.

ಇವರು ಮೆಟ್ಟಿಲ ಮೇಲಿನವರ ತುಟಿಯಿಂದ ಕಣ್ಣು ತೆಗೆದಿರಲಿಲ್ಲ. ನನ್ನ ರಟ್ಟೆ ಹಿಡಿದು ತಿರುಗಿಸಿದರು. ಟೋಕನ್ ಮುಂದಿನ ಬಾಗಲದಾಗ ಇಲ್ಲ, ಮಗ್ಗುಲ ಓಣಿಯ ಬಾಗಲದಾಗ. ಸಾಲ ಹೆಂಗೈತಿ ಹಂಗ ತಿರಗ್ರಿ ಅನ್ನಾಕತ್ತಾನ. ಇಷ್ಟು ಹೇಳಿ, ಸಾಲಿನ ಕಡೆ ತಿರುಗಿ, ತೋಳು ನೆಟ್ಟಗೆ ಮೇಲೆತ್ತಿ ಅಂಗೈ ಬಿಚ್ಚಿದರು.

ಮಗ್ಗ ನಿಲ್ಲಿಸು.

ಎಲ್ಲರೂ ನಿಂತರು ಎಂದರೆ ಸುಳ್ಳಾಗುತ್ತದೆ. ನಮ್ಮ ಹಿಂದೆ ನಾಲ್ಕನೆಯ ಜಾಗದಲ್ಲಿದ್ದ ಒಬ್ಬ ರಬಕವಿಯವನು ಮಾತ್ರ ಕಂಬದಂತೆ ನಿಂತುಬಿಟ್ಟ. ಅವನೂ ಶೆಡ್ಡಿನವನೇ ಇರಬೇಕು. ಆ ತೋಳು ನೋಡಿದ ಮೇಲೆ ಅವನ ಕಾಲು ಮುಂದೆ ಹೋಗುವುದಿಲ್ಲ. ಅಗಲ ಮೈಯ ಆಳು. ಅವನು ನಿಂತದ್ದರಿಂದ ಅವನ ಹಿಂದಿನವರೂ ನಿಲ್ಲಬೇಕಾಯಿತು. ಅಷ್ಟರಲ್ಲಿ ನಾನು ಚಿಮ್ಮಡದವರ ಕಿವಿಯಲ್ಲಿ ಒದರಿದೆ, ಅವರು ಮುಂದಿನವರ, ಹಿಂದಿನವರ ಕಿವಿಯಲ್ಲಿ ಒದರಿದರು, ಸಾಲು ಬಾಲ ತಿರುವಿದ ಹಾವಿನಂತೆ ಓಣಿಯ ಕಡೆ ಹೊರಳಿತು. ಓಡಿ ಬಂದವರು ರಿಬ್ಬನ್ನಿನ ಮುಂದೆಯೇ ಉಳಿದರು. ನಮ್ಮ ಕೈಗೆ ಹದಿನೈದನೆಯ ಟೋಕನ್ ಬಂತು. ಇಟ್ಟಂಗಿ ಇಟ್ಟವನು ಚಹಾದ ಅಂಗಡಿಯಿಂದ ಆಮೇಲೆ ಬಂದ. ಅವನ ಹದಿನಾಲ್ಕನ್ನು ಮುಂದಿನವರು ಹಿಡಿದಿಟ್ಟಿದ್ದರು.

ಅಲ್ಲಿಂದ ಮುಂದೆ ಅಂಗಡಿಯವರು ಬಾಯಿ ತೆರೆದಾಗಲೆಲ್ಲ ಸಾಲಿನವರು ಇವರ ಕಡೆ ತಿರುಗಿ "ಕಾಕಾ, ಏನ ಅಂದ್ರು?" ಎಂದು ಕೈ ಮಾಡುವುದಾಯಿತು. ಇವರು ನನಗೆ ಹೇಳುವುದು, ನಾನು ಒದರುವುದು. ಒಳಗೆ ಪೂಜೆ ನಡೆದಿದೆ. ಐದೈದು ಮಂದಿಯನ್ನು ಬಿಡುತ್ತಾರೆ. ಆಧಾರ್ ಕಾರ್ಡು ಕೈಯಲ್ಲಿ ಹಿಡಿದಿರಬೇಕು. ಇವರ ಮುಖದಲ್ಲಿ ದೀಪಾವಳಿಯಿಂದ ಕಾಣದ ಒಂದು ಠೀವಿ ಬಂದಿತ್ತು. ಸೋಮವಾರ ಹೇಗೋ ಆಗುತ್ತದೆ ಎಂದು ನನಗೂ ಅನಿಸತೊಡಗಿತು.

ನಮ್ಮ ಸರದಿ ಬರುವಾಗ ಹನ್ನೆರಡು ದಾಟಿತ್ತು. ಒಳಗೆ ತಂಪಿತ್ತು, ಗಾಜಿನ ಬಾಗಿಲು ಮುಚ್ಚಿದ ಮೇಲೆ ಡಿಜೆ ದೂರದ ಹಿಟ್ಟಿನ ಗಿರಣಿಯಷ್ಟೇ ಕೇಳುತ್ತಿತ್ತು. ನಮಗೆ ಸಿಕ್ಕ ಅಂಗಡಿಯವರು ಕನ್ನಡಕದ, ಸಮಾಧಾನದ ಮನುಷ್ಯ. ಹೊಸ ಫೋನನ್ನು ಮೆತ್ತನೆಯ ಬಟ್ಟೆಯ ಮೇಲಿಟ್ಟು, ಮಗಳು ಹೇಳಿದ, ಮಾತನ್ನು ಬರೆಯುವ ಅನುಕೂಲವನ್ನು ತೆರೆದರು. "ಹಲೋ, ಹಲೋ, ಎಲ್ಲಾರೂ ಆರಾಮ ಅದೀರಿ?" ಎಂದರು. ಬಿಳಿಯ ಮೇಲೆ ಕಪ್ಪಕ್ಷರದಲ್ಲಿ ಅದೇ ಮಾತು ಮೂಡಿತು. ಇವರು ಓದಿ, "ಆರಾಮ ಅದೇವ್ರೀ" ಎಂದು ಗಟ್ಟಿಯಾಗಿ ಉತ್ತರ ಕೊಟ್ಟರು. ಅಂಗಡಿಯವರು ನಕ್ಕರು.

"ಈಗ ನೀವು ಮಾತಾಡ್ರೀ ಅಕ್ಕಾರ. ಕಾಕಾರು ಓದಲಿ."

ನಾನು ಇವರ ಕಡೆ ತಿರುಗಿ ಮಾತಾಡಿದೆ. ಫೋನು ಏನೂ ಬರೆಯಲಿಲ್ಲ.

ಮತ್ತೊಮ್ಮೆ ಮಾತಾಡಿದೆ. ಬಿಳಿ ಹಾಳೆ ಬಿಳಿಯಾಗಿಯೇ ಉಳಿಯಿತು.

ಅಂಗಡಿಯವರು ಫೋನಿನಿಂದ ತಲೆ ಎತ್ತದೆ ಅದನ್ನು ಒತ್ತಿದರು, ಇದನ್ನು ಒತ್ತಿದರು. ಭಾಷೆ ನೋಡಿದರು, ಕನ್ನಡವೇ ಇತ್ತು. ತಾವು ಮಾತಾಡಿದರು, ಬರೆಯಿತು. ನನ್ನ ಕಡೆ ಸರಿಸಿದರು, ನಿಂತಿತು. ಬೇರೊಂದು ಫೋನು ತಂದರು. ಅದೂ ಹಾಗೆಯೇ. "ಹಿಂಗ್ಯಾಕ?" ಎಂದು ಕನ್ನಡಕ ಒರೆಸಿಕೊಂಡರು. ಹೆಂಗಸರ ದನಿ ಹಿಡಿಯುವುದಿಲ್ಲವೇನೋ ಎಂದು ನನಗೆ ಅನುಮಾನ ಬಂತು. ಹಾಗಾದರೆ ಮುಗಿಯಿತು, ಸೀರೆ ಅಂಗಡಿಗೆ ಗಂಡಸರು ಎಷ್ಟು ಮಂದಿ ಬರುತ್ತಾರೆ? ಇವರು ಫೋನು ನೋಡುವುದನ್ನು ಬಿಟ್ಟು ನೆಲ ನೋಡತೊಡಗಿದರು. ಬಾ, ಹೋಗೂಣು ಎಂದು ಅವರ ಕೈ ಹೇಳಿತು. ದುಡ್ಡಿದ್ದ ಚೀಲವನ್ನು ನಾನು ಎದೆಗೆ ಒತ್ತಿಕೊಂಡೆ.

ಪಕ್ಕದ ಕುರ್ಚಿಯಲ್ಲಿ ಹದಿನಾರನೆಯ ಟೋಕನ್ ಹಿಡಿದು ಕೂತಿದ್ದ ಚಿಮ್ಮಡದವರು ಇದನ್ನೆಲ್ಲ ನೋಡುತ್ತಿದ್ದರು.

"ಅಲ್ಲರೀ ಅಕ್ಕಾರ," ಎಂದರು, "ಫೋನಿಗೆ ಯಾಕ ಬೈತೀರಿ? ನಿಮ್ಮ ದನಿನ ಬರವಲ್ದು! ಬರೆ ಬಾಯಿ ಆಡಾಕತ್ತೈತಿ."

"ನಾ ಮಾತಾಡೇನ್ರೀ" ಎಂದೆ ಅವರಿಗೆ. ಫೋನು ಅದನ್ನು ಥಟ್ಟನೆ ಬರೆಯಿತು.

"ನನ್ನ ಜೋಡಿ ಮಾತಾಡಿದ್ರಿ. ಅವರ ಜೋಡಿ ಮಾತಾಡ್ರಿ ನೋಡೂಣು."

ಇವರ ಕಡೆ ತಿರುಗಿದೆ. ಬಾಯಿ ತೆರೆದೆ. ಆಗ ನನಗೇ ಗೊತ್ತಾಯಿತು. ನಳವನ್ನು ಯಾರೋ ತಿರುವಿ ಮುಚ್ಚಿದಂತೆ ಗಂಟಲು ಅಲ್ಲೇ ನಿಂತಿತ್ತು. ತುಟಿ ಮಾತ್ರ ಅಗಲವಾಗಿ, ನಿಧಾನವಾಗಿ, ಶೆಡ್ಡಿನಲ್ಲಿ ಆಡಿದ ಹಾಗೆ ಆಡುತ್ತಿತ್ತು. ಮೆಲ್ಲಗೆ ಮಾತಾಡುತ್ತೇನೆ ಎಂದು ನಾನು ತಿಳಿದಿದ್ದೆ. ಮೆಲ್ಲಗಲ್ಲ, ದನಿಯೇ ಇರಲಿಲ್ಲ. ಎಷ್ಟು ವರ್ಷದಿಂದ ಹೀಗೆ? ಕುಕ್ಕರಿನ ಸೀಟಿ ಹೋದಾಗಿನಿಂದಲೇ ಇರಬೇಕು. ಮಗಳು ಹುಟ್ಟಿದಾಗಿನಿಂದ ನಮ್ಮ ಶೆಡ್ಡಿನ ಮಾತು ನೋಡಿಯೇ ಬೆಳೆದವಳು, ಅವಳಿಗೂ ಇದು ಹೊಸದೆನಿಸಿರಲಿಲ್ಲ. ಮಗ್ಗುಲ ಮನೆಯವರು ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು, "ಗಂಡ ಹೆಂಡ್ತಿ ಮಾತ ಬಿಟ್ಟೀರೇನ?" ಎಂದು ಕೇಳಿದ್ದರು, ಆಗ ನಕ್ಕು ಬಿಟ್ಟಿದ್ದೆ.

"ದನಿ ಹಚ್ಚಿ ಆಡ್ರೀ ಅಕ್ಕಾರ" ಎಂದರು ಅಂಗಡಿಯವರು. "ಏನರೆ ಒಂದ ಮಾತು."

ಹೇಳುವುದು ಸುಲಭ. ಗಂಡನ ಮುಖ ನೋಡುತ್ತ ದನಿ ತೆಗೆಯಲು ನನಗೆ ನಾಚಿಕೆಯಾಯಿತು, ಹೊಸ ಮದುವಣಗಿತ್ತಿಗೆ ಗಂಡನ ಹೆಸರು ಹೇಳು ಎಂದು ಕಾಡಿದಂತೆ. ಏನು ಮಾತಾಡಬೇಕೆಂದೂ ಹೊಳೆಯಲಿಲ್ಲ. ಬೆಳಿಗ್ಗೆಯಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಒಂದೇ ಇತ್ತು. ಅದೇ ಬಂತು, ಅದೂ ಬೇಕಾದ್ದಕ್ಕಿಂತ ಜೋರಾಗಿ.

"ರೊಟ್ಟಿ ಗಂಟ ಬಸ್ಸಿನ್ಯಾಗ ಬಿಟ್ಟ ಬಂದೇನ್ರಿ!"

ಅಂಗಡಿಯೇ ನಮ್ಮ ಕಡೆ ತಿರುಗಿತು. ಫೋನು ಒಂದು ಕ್ಷಣ ಯೋಚಿಸಿ, ನನ್ನ ಮಾತನ್ನು ಶಾಲೆಯ ಮಾಸ್ತರರಂತೆ ತಿದ್ದಿ, ದೊಡ್ಡ ಅಕ್ಷರದಲ್ಲಿ ಬರೆಯಿತು. ಇವರು ಬಗ್ಗಿದರು. ಬೆರಳಿಟ್ಟು ಒಂದೊಂದೇ ಪದ ಗಟ್ಟಿಯಾಗಿ ಓದಿದರು.

"ರೊಟ್ಟಿ ಗಂಟು... ಬಸ್ಸಿನಲ್ಲಿ... ಬಿಟ್ಟು ಬಂದಿದ್ದೇನೆ." ತಲೆ ಎತ್ತಿದರು. "ಎಂಟೂ?"

"ಎಂಟೂ" ಎಂದೆ. ಫೋನು ಅದನ್ನೂ ಬರೆಯಿತು.

"ಅದಕ್ಕ ಮುಂಜಾನಿಂದ ಆಮ್ಯಾಲ, ಆಮ್ಯಾಲ ಅನ್ನಾಕತ್ತಿದ್ದಿ!"

ಕನ್ನಡಕದವರು ನಕ್ಕದ್ದಕ್ಕೆ ಅವರ ಕನ್ನಡಕ ಜಾರಿತು. ಚಿಮ್ಮಡದವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಇವರು ನಗಲಿಲ್ಲ, ಫೋನನ್ನೇ ನೋಡುತ್ತಿದ್ದರು. ಆಮೇಲೆ ನನಗೆ ಮಾತ್ರ ಕಾಣುವಂತೆ ತುಟಿ ಆಡಿಸಿದರು. ಇನ್ನೊಮ್ಮೆ ಅನ್ನು. ಅಂದೆ. ಇನ್ನೊಮ್ಮೆ ಬರೆಯಿತು.

ಆದರೂ ಒಪ್ಪಲಿಲ್ಲ. ಮೂವತ್ತೊಂದು ವರ್ಷ ಅಂಚು ನೋಡಿ ಬಟ್ಟೆ ಇಳಿಸಿದವರು, ಒಂದು ಗಜ ನೋಡಿ ಇಡೀ ಸೀರೆ ಒಪ್ಪುವುದಿಲ್ಲ. ಚಿಮ್ಮಡದವರಿಗೆ ಕೈ ಮುಗಿದು, "ನೀವು ಗಿರಾಕಿ ಅಂತ ತಿಳೀರಿ. ನನ್ನ ಮಾರಿ ನೋಡಬ್ಯಾಡ್ರಿ. ನಿಮ್ಮ ಸೀರಿ ನೋಡ್ಕೊಂತ ಕೇಳ್ರಿ" ಎಂದರು.

ಅವರಿಗೆ ಇದಕ್ಕಿಂತ ಖುಷಿಯ ಕೆಲಸ ಬೇರೆ ಬೇಕೆ? ತಲೆ ಬಗ್ಗಿಸಿ, ತಮ್ಮ ಸೆರಗನ್ನೇ ಮಡಿಲ ಮೇಲೆ ಹರಡಿಕೊಂಡು ಕೇಳಿದರು. "ಹೇಳ್ರೆಲಾ ಅಣ್ಣಾರ, ಈ ಸೀರಿ ಎಲ್ಲೀದು? ಕೈಮಗ್ಗದ್ದೋ ಏನು?"

ಇವರಿಗೆ ಅವರ ಬೈತಲೆ ಮಾತ್ರ ಕಾಣುತ್ತಿತ್ತು. ಫೋನು ಬರೆಯಿತು. ಇವರು ಓದಿದರು. ಮುಟ್ಟದೆ, ಬಗ್ಗಿ ಅಂಚಿನ ಒಳಮಗ್ಗುಲು ನೋಡಿದರು.

"ನಮ್ಮ ಕಡೀದರಿ. ಕೈಮಗ್ಗದ್ದಲ್ಲ, ಪಾವರಲೂಮಿಂದು. ಅಂಚು ನೋಡ್ರಿ, ಎಲ್ಲಿ ನೋಡಿದ್ರೂ ಒಂದ ಸಮ ಐತಿ. ಕೈ ಆಗಿದ್ರ ಅಲ್ಲಿ ಇಲ್ಲಿ ಒಂಚೂರು ಬಿಗಿ, ಒಂಚೂರು ಸಡ್ಲ ಆಗಿರ್ತಿತ್ತು. ಆದ್ರ ಬಣ್ಣ ಗಟ್ಟಿ ಐತಿ, ಹೋಗೂದಿಲ್ಲ."

"ಅಯ್ಯಯ್ಯ!" ಚಿಮ್ಮಡದವರು ಹಣೆ ಬಡಿದುಕೊಂಡರು. "ನಮ್ಮ ನೆಗೆಣ್ಣಿ ಕೈಮಗ್ಗದ್ದಂತ ಹೇಳಿ ಕೊಟ್ಟಾಳ್ರೀ! ನಿಲ್ಲರಿ, ಇವತ್ತ ಸಂಜಿಗೆ ಐತಿ ಅಕಿಗೆ."

ಆ ಮಾತನ್ನೂ ಫೋನು ಬರೆಯಿತು. ಇವರು ಓದಿ, ಆ ದಿನ ಮೊದಲ ಸಲ ಹೊಟ್ಟೆತುಂಬ ನಕ್ಕರು.

ಕನ್ನಡಕದವರು ಮೋಸ ಮಾಡಲಿಲ್ಲ. ಇಬ್ಬರು ಒಮ್ಮೆಲೇ ಮಾತಾಡಿದರೆ ಫೋನು ಎರಡನ್ನೂ ಕಲಸಿಬಿಡುತ್ತದೆ, ಗದ್ದಲವಿದ್ದರೆ ತಪ್ಪು ಬರೆಯುತ್ತದೆ ಎಂದು ಮೊದಲೇ ಹೇಳಿದರು. ಇವರು ಓದಿಕೊಂಡು ತಲೆಯಾಡಿಸಿದರು. "ಮಗ್ಗದಾಗೂ ಹಂಗ ಐತ್ರಿ. ಎರಡ ಎಳಿ ಒಮ್ಮೆ ಬಂದ್ರ ಗಂಟ ಆಗತೈತಿ. ಬಿಡಿಸ್ಕೊಂಡ್ರಾತು." ಹಾಗೆ ಹೇಳಿ ತಾವೇ ನನ್ನ ಚೀಲದ ಕಡೆ ಕೈ ಚಾಚಿದರು.

ಫೋನಿನ ಡಬ್ಬಿಯ ಜೊತೆ ಅಂಗಡಿಯವರು ಒಂದು ಪೇಢೆಯ ಪೊಟ್ಟಣ ಕೊಟ್ಟರು, ರಿಬ್ಬನ್ನಿನ ಮುಂದೆ ನಿಲ್ಲಿಸಿ ಫೋಟೋ ಹೊಡೆದರು. ಚಿಮ್ಮಡದವರಿಗೂ ಅವರ ಫೋನು ಸಿಕ್ಕಿತು. ಸಂಘದ ಕೆಲಸದ ಸುದ್ದಿಯನ್ನೆಲ್ಲ ನನ್ನಿಂದ ಕೇಳಿಕೊಂಡರು. ಸೋಮವಾರ ಆದ ಮೇಲೆ ಒಮ್ಮೆ ಸಂಘದ ಅಂಗಡಿಗೆ ಬಂದೇ ಬರುತ್ತೇನೆ, ಈ ಸಲ ಖರೆ ಕೈಮಗ್ಗದ್ದೇ ತೆಗೆದಿಡಿ ಎಂದು ಇವರಿಗೆ ಹೇಳಿ ಹೋದರು. ಎದುರಿಗೆ ನಿಂತು, ತುಟಿ ಅಗಲಿಸಿ, ನಿಧಾನವಾಗಿ ಹೇಳಿದರು. ಅರ್ಧ ದಿನದಲ್ಲಿ ಕಲಿತುಬಿಟ್ಟಿದ್ದರು.

ತಿರುಗಿ ಬರುವ ಬಸ್ಸಿನಲ್ಲಿ ರೊಟ್ಟಿ ಗಂಟಿನ ಬಗ್ಗೆ ಕಂಡಕ್ಟರರನ್ನು ಕೇಳಿದೆ. ಅದು ಬೇರೆ ಬಸ್ಸು, ಅವರಿಗೆ ಗೊತ್ತಿರಲಿಲ್ಲ. "ಯಾರರೆ ಹಸದಾಂವ ಉಂಡಿರ್ತಾನ ಬಿಡು" ಎಂದರು ಇವರು.

ಮನೆಗೆ ಬಂದು ಕೆಲಸ ಮುಗಿಸಿದ ಮೇಲೆ ಸಂಜೆ ಅಂಗಡಿ ಆಟ ನಡೆಯಿತು. ಇವರು ಟ್ರಂಕಿನಿಂದ ನನ್ನ ಹತ್ತು ಸೀರೆ ತೆಗೆದು ಕಟ್ಟೆಯ ಮೇಲೆ ಸಾಲಾಗಿ ಇಟ್ಟರು, ನಡುವೆ ಫೋನು. ನಾನು ಗಿರಾಕಿ, ತಲೆ ಬಗ್ಗಿಸಿ ಕೂತೆ. ದಡಿ ಸಣ್ಣದಿರಲಿ ಎಂದೆ, ಸಣ್ಣ ದಡಿಯದು ಬಂತು. ವಯಸ್ಸಾದವರು ಉಡುವಂಥದ್ದು ಎಂದೆ, ಬೂದು ಬಣ್ಣದ್ದು ಬಂತು. ಮಾವಿನಕಾಯಿ ಬುಟ್ಟಾದ್ದು ಎಂದಾಗ ಫೋನು ಬರೆ ಮಾವಿನಕಾಯಿ ಎಂದು ನಿಲ್ಲಿಸಿತು. ಇವರು "ಕಾಯಿಪಲ್ಲೆ ಅಂಗಡಿ ಮುಂದಿನ ಓಣ್ಯಾಗ ಐತ್ರೀ ಬಾಯಾರ" ಎಂದರು. ನಡುನಡುವೆ ನನ್ನ ದನಿ ತಾನಾಗಿ ನಿಂತುಹೋಗುತ್ತಿತ್ತು. ಆಗ ಹಾಳೆ ಬಿಳಿಯಾಗುತ್ತಿತ್ತು, ಇವರು ಕಟ್ಟೆ ತಟ್ಟುತ್ತಿದ್ದರು. ಹತ್ತರಲ್ಲಿ ಎಂಟು ಸರಿ ಬಂದವು. ತಪ್ಪಿದ ಎರಡರಲ್ಲಿ ಒಂದು ನನ್ನ ತಪ್ಪು.

ಮಗ್ಗುಲ ಮನೆಯವರು ಹಾಲು ಕೊಡಲು ಬಂದು ಬಾಗಿಲಲ್ಲೇ ನಿಂತರು. "ಇದೇನ ಇವತ್ತ, ನಿಮ್ಮ ಮನ್ಯಾಗ ಇಷ್ಟ ಗದ್ಲ?" ಎಂದರು. ನಾವು ಜಗಳವಾಡುತ್ತಿದ್ದೇವೆ ಎಂದುಕೊಂಡೇ ಹೋದರೋ ಏನೋ.

ರಾತ್ರಿ ಉಂಡದ್ದು ಬಿಸಿ ಜೋಳದ ನುಚ್ಚು, ಮಜ್ಜಿಗೆ, ಬೆಳಗಿನ ಶೇಂಗಾ ಹಿಂಡಿಯಲ್ಲಿ ಕುಟ್ಟಾಣಿಗೆ ಅಂಟಿ ಉಳಿದಷ್ಟು, ಆಮೇಲೆ ತಲೆಗೊಂದು ಪೇಢೆ. ಮಗಳಿಗೆಂದು ಎರಡು ತೆಗೆದಿಟ್ಟೆ. ಒಂದೇ ದಿನದಲ್ಲಿ ಅಷ್ಟು ದನಿ ಖರ್ಚು ಮಾಡಿ ಗಂಟಲು ಕಟ್ಟಿತ್ತು, ಅರಿಶಿನ ಹಾಕಿದ ಹಾಲು ಕುಡಿದೆ. ದೀಪ ಆರಿಸಿದೊಡನೆ ನಮ್ಮ ಮಾತು ಮುಗಿಯುವುದು ವರ್ಷಗಳ ರೂಢಿ. ಕತ್ತಲಲ್ಲಿ ತುಟಿ ಕಾಣುವುದಿಲ್ಲ. ಅವತ್ತು ಇವರು ಫೋನನ್ನು ಎರಡು ತಲೆದಿಂಬಿನ ನಡುವೆ ಇಟ್ಟರು. ಅದರ ಬೆಳಕು ಒಂದು ಹಣತೆಯಷ್ಟಿತ್ತು. ಸೋಮವಾರಕ್ಕೆ ಈ ಅಂಗಿಯನ್ನೇ ಮತ್ತೆ ಒಗೆದು ಇಸ್ತ್ರಿ ಮಾಡುತ್ತೇನೆ ಎಂದೆ. ಇವರು ಓದಿ, ಬೇಡ, ನೀಲಿಯದು ಇರಲಿ, ಬಿಳಿಗೆ ಬಣ್ಣದ ಎಳೆ ಅಂಟಿದರೆ ಕಾಣುತ್ತದೆ ಎಂದರು. ನೀಲಿಯದರ ಗುಂಡಿ ಹಚ್ಚಬೇಕು ಎಂದೆ. ಆಮೇಲೆ ಏನು ಅಂದೆನೋ ನೆನಪಿಲ್ಲ.

ಮೊದಲು ಮಲಗಿದವಳು ನಾನೇ. ಮುಂಜಾನೆ ಇವರೇ ಹೇಳಿದರು: "ನಾ ಬಾಳ ಹೊತ್ತ ಕಾದೆ, ಹಾಳಿ ಬಿಳೀದ ಉಳೀತು. ನೀ ಗೊರಕಿ ಹೊಡದ್ಯೋ ಇಲ್ಲೋ, ಫೋನಿಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ."